ನಾವೆಯಲ್ಲಿ ಜಾಗ

ನಗೆಚಿತ್ರಗಳ ಬೈಬಲ್ ತಯಾರಿಸುತ್ತಿದ್ದ ಕಲಾವಿದ ತನ್ನ ಚರ್ಚಿನವರ ಮುಖಗಳನ್ನೇ ಪಾತ್ರಗಳಿಗೆ ಬಳಸಿಕೊಂಡಿದ್ದ. ಜಲಪ್ರಳಯದ ಪುಟ ನೋಡಿದ್ದೇ ತಡ, ಚರ್ಚಿನ ಕಾರ್ಯದರ್ಶಿ ದೇವಪುತ್ರಪ್ಪನವರು ಕೆಂಡಾಮಂಡಲವಾದರು.

"ಏನ್ರೀ ಇದು? ಮೂವತ್ತು ವರ್ಷ ಚರ್ಚಿಗೆ ದುಡಿದೋನು ನಾನು. ನನ್ನನ್ನೂ ನಮ್ಮ ಮನೆಯವಳನ್ನೂ ನೀರಲ್ಲಿ ಮುಳುಗಿಸಿಬಿಟ್ಟಿದ್ದೀರಲ್ಲ!"

"ಪ್ರಳಯದಲ್ಲಿ ನಾವೆ ಹತ್ತಿ ಬದುಕಿದ ಮನುಷ್ಯರು ಎಂಟೇ ಜನ ಸಾರ್, ನೋಹನ ಮನೆಯವರು. ಮಿಕ್ಕಿದ್ದೆಲ್ಲ ಜೋಡಿ ಜೋಡಿ ಪ್ರಾಣಿಗಳು."

"ಹಾಗಾದ್ರೆ ಪ್ರಾಣಿ ಮಾಡಿ. ಒಳಗಿದ್ರೆ ಸಾಕು."

"ಕತ್ತೆ ಜೋಡಿ ಮಾತ್ರ ಉಳಿದಿದೆ ಸಾರ್."

"ಆಗ್ಲಿ. ಕಿವಿ ಸ್ವಲ್ಪ ಚಿಕ್ಕದಾಗಿ ಬರೀರಿ."

ಕಲಾವಿದ ಒಂದು ಕತ್ತೆಗೆ ಅವರ ಕನ್ನಡಕ, ಮೀಸೆ ಇಟ್ಟ. ಕಾರ್ಯದರ್ಶಿಗಳು ಫೋಟೊ ತೆಗೆಸಿಕೊಳ್ಳುವವರಂತೆ ಗತ್ತಿನಿಂದ ಕೂತರು. ಪಕ್ಕದ ಕತ್ತೆಗೆ ಇನ್ನೂ ಮುಖವಿರಲಿಲ್ಲ.

ಜೊತೆಗೆ ಬಂದಿದ್ದ ಅವರ ಹೆಂಡತಿ ಸುಗುಣಮ್ಮ ಕೇಳಿದರು: "ಒಳಗೆ ಎಷ್ಟು ದಿನ ಇರ್ಬೇಕಪ್ಪ?"

"ಒಂದು ವರ್ಷದ ಮೇಲೇ ಆಗುತ್ತಮ್ಮ. ಜೋಡಿಗೊಂದು ಕೋಣೆ."

ಸುಗುಣಮ್ಮ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು, ಅಲೆಗಳ ನಡುವೆ ಮುಳುಗುತ್ತಿದ್ದ ತಮ್ಮ ಮುಖವನ್ನು ನೋಡಿದರು.

"ನಾನಿಲ್ಲಿ ಚೆನ್ನಾಗಿ ಬಂದಿದ್ದೀನಿ. ಅಳಿಸ್ಬೇಡಪ್ಪ."