ಒಳಮೈ ಹೊರಗೆ

ಕೈಚೀಲದೊಳಗೆ ಫೋನು ಮತ್ತೆ ಗುಂಯ್‌ಗುಟ್ಟಿತು. ಆಕೆ ಹೆಸರು ನೋಡದೆಯೇ ಕರೆ ಕತ್ತರಿಸಿದಳು. ಬೆಳಗಿನಿಂದ ಕರೆ ಮಾಡುತ್ತಿದ್ದವನು ಒಬ್ಬನೇ.

ಬೀಗಕ್ಕೆ ಕೀಲಿ ತುರುಕುತ್ತಿದ್ದ ಮನೆ ದಲ್ಲಾಳಿ ಹೆಂಗಸು ತಿರುಗಿ ನೋಡಿದಳು. ಅವಳ ಕಣ್ಣು ಫೋನನ್ನು ದಾಟಿ ಆಕೆಯ ಮಣಿಕಟ್ಟಿನ ಮೇಲೆ ನಿಂತಿತು. ಹಸಿರುಗಟ್ಟಿದ ಬೆರಳ ಗುರುತುಗಳು. ಆಕೆ ಶಾಲಿನ ತುದಿ ಎಳೆದುಕೊಂಡಳು.

“ಅವರೇನಾ?”

“ಹೂಂ.”

“ಎತ್ತಬೇಡಿ ಬಿಡಿ ಅಕ್ಕ. ಹೊಡೆಯೋ ಕೈಯೇ ಫೋನಲ್ಲಿ ಬೆಣ್ಣೆ ಹಚ್ಚೋದು. ನನಗೇನು ಗೊತ್ತಿಲ್ವಾ?”

ಅವಳಿಗೆ ಏನು ಗೊತ್ತಿತ್ತೋ, ಆಕೆ ತಿದ್ದಲು ಹೋಗಲಿಲ್ಲ. ಬರೀ ಮಾತಾಡಬೇಕು ಅಷ್ಟೇ ಎಂದಿದ್ದ ಅವನು, ಮಣಿಕಟ್ಟು ಹಿಡಿದುಕೊಂಡೇ. ದನಿ ಮೆತ್ತಗಿತ್ತು. ಬೆರಳುಗಳು ಮಾತ್ರ ಬೇರೆಯೇ ಹೇಳುತ್ತಿದ್ದವು.

ಲೋಕಲ್ ರೈಲಿನ ದಾರಿಯಲ್ಲಿ ಆಕೆ ಇಳಿದು ನೋಡಿದ ಮೂರನೆಯ ಊರು ಇದು. ಒಂಟಿ ಹೆಂಗಸೊಬ್ಬಳು ಬದುಕಲು ಎಂಥ ಊರನ್ನು ಆರಿಸಿಕೊಳ್ಳಬೇಕು? ಎಷ್ಟೋ ದಿನದಿಂದ ಆಕೆಯ ತಲೆಯಲ್ಲಿ ಇದೊಂದೇ ಯೋಚನೆ. ಮೊದಲನೆಯ ಊರು ನಗರಕ್ಕೆ ತೀರ ಅಂಟಿಕೊಂಡಿತ್ತು. ಗುರುತಿನವರು ಯಾವ ಮೂಲೆಯಲ್ಲಾದರೂ ಎದುರಾದಾರು. ಎರಡನೆಯದು ತೀರ ಚಿಕ್ಕದು. ಹೊಸ ಮುಖ ಕಂಡರೆ ಹಾಲಿನವನಿಂದ ಹಿಡಿದು ಅಂಚೆಯವನವರೆಗೆ ಎಲ್ಲರಿಗೂ ವಂಶಾವಳಿ ಒಪ್ಪಿಸಬೇಕು. ಇದು ಸರಿ. ಅರ್ಧ ಕಟ್ಟಿದ ಕಟ್ಟಡಗಳು, ನಿನ್ನೆ ಮೊನ್ನೆ ಬಂದ ಜನ. ಯಾರಿಗೂ ಯಾರ ಪೂರ್ವಾಪರವೂ ಬೇಕಿಲ್ಲ. ಅಡಗಿಕೊಳ್ಳುವವಳು ಇಲ್ಲಿಗೇ ಬರುತ್ತಾಳೆ.

ಆಕೆ ಮನೆ ನೋಡುವ ರೀತಿ ದಲ್ಲಾಳಿಗೆ ಸೋಜಿಗವಾಗಿತ್ತು. ಅಡುಗೆಮನೆ ಇಣುಕುವುದಿಲ್ಲ, ನಲ್ಲಿ ತಿರುಗಿಸುವುದಿಲ್ಲ. ನೇರ ಹಿತ್ತಿಲಿಗೆ, ಇಲ್ಲವೇ ತಾರಸಿಗೆ. ಅಲ್ಲಿ ನಿಂತು ಸುತ್ತಲಿನ ಮನೆಗಳ ಬಟ್ಟೆ ಒಣಗಿಸುವ ತಂತಿಗಳನ್ನೆಲ್ಲ ನೋಡಿ, “ಇನ್ನೊಂದು ತೋರಿಸು” ಎಂದುಬಿಡುತ್ತಿದ್ದಳು.

“ಅಷ್ಟೊಂದು ಬಿಸಿಲು ಬೇಕಾ ಅಕ್ಕ ನಿಮಗೆ?”

“ಬಟ್ಟೆ ಒಣಗಬೇಕಲ್ಲ.”

“ಒಂಟಿ ಹೆಂಗಸಿನ ಬಟ್ಟೆ ಎಷ್ಟಿರತ್ತೆ ಹೇಳಿ! ಬಾಗಿಲ ಮೇಲೆ ಎಸೆದ್ರೂ ಒಣಗತ್ತೆ. ನಾನು ಹಾಗೇ ಮಾಡೋದು.”

ಈ ಮನೆ ಗಲ್ಲಿಯ ಕೊನೆಯಲ್ಲಿತ್ತು. ಮಹಡಿ ಖಾಲಿ. ಕೆಳಗಿನ ಮನೆಯಲ್ಲಿ ಹೊಲಿಗೆ ಯಂತ್ರ ಕಟಕಟನೆ ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು.

“ಕೆಳಗಡೆ ಒಬ್ಬಳು ಹುಡುಗಿ ಇದ್ದಾಳೆ, ಮಗು ಜೊತೆ.” ಮೆಟ್ಟಿಲು ಹತ್ತುತ್ತ ದಲ್ಲಾಳಿ ದನಿ ತಗ್ಗಿಸಿದಳು. “ನಿಮ್ಮ ಹಾಗೇನೇ. ಗೇಟು ಸದ್ದಾದ್ರೆ ಮೊದಲು ಪರದೆ ಅಲ್ಲಾಡತ್ತೆ, ಆಮೇಲೆ ಬಾಗಿಲು. ಬಾಯಿ ಬಿಟ್ರೆ ಮುತ್ತು ಉದುರಿಹೋಗತ್ತೆ ಅನ್ನೋ ಹಾಗಿರ್ತಾಳೆ. ನೀವೂ ಅಷ್ಟೇ. ಒಳ್ಳೇ ಜೋಡಿ.”

ಆಕೆ ಆಗಲೇ ಕೊನೆಯ ಮೆಟ್ಟಿಲು ಹತ್ತಿದ್ದಳು. ತಾರಸಿಯ ಬಾಗಿಲು ತೆರೆದಿತ್ತು.

ತಂತಿಯ ಮೇಲೆ ಬಟ್ಟೆ ಒಣಗುತ್ತಿದ್ದವು. ಒಂದೊಂದೂ ಒಳಮೈ ಹೊರಗೆ ಮಾಡಿ, ತಲೆಕೆಳಗಾಗಿ. ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ. ಒಂದರ ಅಂಚು ಇನ್ನೊಂದರ ಮೇಲೆ ಬಂದು, ಎರಡಕ್ಕೂ ಒಂದೇ ಕ್ಲಿಪ್ಪು. ಕೊನೆಯಲ್ಲಿ ಮಗುವಿನ ನೀಲಿ ಫ್ರಾಕು. ಅದರ ಅಂಚಿನ ಮಡಿಕೆ ಬಿಚ್ಚಿ ಉದ್ದ ಮಾಡಿದ್ದರು. ಹಳೆಯ ಹೊಲಿಗೆಯ ಗೆರೆ ಹಾಗೇ ಉಳಿದಿತ್ತು. ಆಕೆ ಆ ಗೆರೆಯ ಮೇಲೆ ಬೆರಳಾಡಿಸಿದಳು. ಮಡಿಕೆಯಷ್ಟು ಬೆಳೆದಿತ್ತು ಮಗು.

ಮೋಟುಗೋಡೆ ಹಿಡಿದು ಕೂತಳು.

“ಅಯ್ಯೋ, ಮುಖ ಯಾಕೆ ಹೀಗೆ ಬಿಳಿಚಿಕೊಳ್ತು? ಇರಿ, ಕೆಳಗಿನವಳ ಹತ್ರ ನೀರು ಇಸ್ಕೊಂಡು ಬರ್ತೀನಿ.”

“ಅವಳನ್ನ ಕೇಳಬೇಡ!” ತನ್ನ ದನಿಗೆ ತಾನೇ ಬೆಚ್ಚಿದಳು. “ಪಾಪ, ಕೆಲಸದಲ್ಲಿದ್ದಾಳೆ. ಸ್ಕೂಟರಲ್ಲಿ ನಿನ್ನ ಬಾಟಲಿ ಇತ್ತಲ್ಲ.”

ದಲ್ಲಾಳಿ ಇಳಿದುಹೋದಳು. ಫೋನು ಮತ್ತೆ ನಡುಗಿತು. ಎತ್ತಿ ಒಂದು ಮಾತು ಹೇಳಿದರೆ ಸಾಕು, ಈ ಅಲೆದಾಟ ಮುಗಿಯುತ್ತದೆ. ಮನೆ ಮೊದಲಿನಂತಾಗುತ್ತದೆ. ಮೊದಲಿನಂತೆ! ಮಣಿಕಟ್ಟು ಚುರುಕ್ಕೆಂದಿತು. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ಆ ಮನೆಯ ಗೋಡೆಗಳು ಕೇಳಿದ್ದನ್ನೆಲ್ಲ ಆಕೆಯೂ ಕೇಳಿದ್ದಳು.

ಫೋನು ಸುಮ್ಮನಾಯಿತು.

ಆಕೆ ಎದ್ದಳು. ಫ್ರಾಕನ್ನು ತೆಗೆದು ಹೊರಮೈಗೆ ತಿರುಗಿಸಿ, ಭುಜ ಮೇಲಾಗಿ ಹಾಕಿ, ಅದಕ್ಕೇ ಬೇರೆ ಕ್ಲಿಪ್ಪು ಸಿಕ್ಕಿಸಿದಳು. ಆಮೇಲೆ ಪಕ್ಕದ್ದು. ಅದರಾಚೆಯದು. ಸಾಲು ಕೆಡಿಸಿ ಚಿಕ್ಕದು ದೊಡ್ಡದು ಬೆರೆಸಿದಳು. ಬುಟ್ಟಿಯಲ್ಲಿ ಉಳಿದಿದ್ದ ಕ್ಲಿಪ್ಪುಗಳೆಲ್ಲ ಖರ್ಚಾದವು. ಕಳ್ಳಿಗೂ ಅಷ್ಟು ಆತುರವಿರುತ್ತಿರಲಿಲ್ಲ.

ಬಾಟಲಿ ಹಿಡಿದು ಬಂದ ದಲ್ಲಾಳಿ ಬಾಗಿಲಲ್ಲೇ ನಿಂತಳು. “ಇದೇನಕ್ಕ, ಮನೆಗೆ ಇನ್ನೂ ಕಾಲೇ ಇಟ್ಟಿಲ್ಲ, ಆಗಲೇ ಕೆಳಗಿನವಳ ಬಟ್ಟೆಗೆ ಕೈ?”

“ಇನ್ನು ಮೇಲೆ ಹೀಗೇ ಒಣಗಿಸು ಅಂತ ಅವಳಿಗೆ ಹೇಳು. ಮೊದಲಿನ ಹಾಗೆ ಬೇಡ. ಬೀದಿಗೆಲ್ಲ ಕಾಣತ್ತೆ.”

“ಬಟ್ಟೆ ಒಣಗಿಸೋದಕ್ಕೂ ಶಾಸ್ತ್ರನಾ! ಯಾರು ಹೇಳಿದ್ದು ಅಂತ ಕೇಳಿದ್ರೆ?”

“ಕೇಳಲ್ಲ. ತಂತಿ ನೋಡಿದ್ರೆ ಅವಳಿಗೇ ತಿಳಿಯತ್ತೆ.”

“ಸರಿ, ಮನೆ ಹೇಗೆ?”

“ಊರು ಒಳ್ಳೇದು. ಆದ್ರೆ ನಾನು ಇಲ್ಲಿಗೆ ಬರಬಾರದು.”

ಮೆಟ್ಟಿಲಿಳಿಯುವಾಗ ಶಾಲನ್ನು ತಲೆಯ ಮೇಲೆ ಹೊದ್ದುಕೊಂಡಳು. ಒಳಗೆ ಮಗು ಏನೋ ಕೇಳಿತು, ಯಂತ್ರ ನಿಂತಿತು. ಆಕೆಯ ಹೆಜ್ಜೆಯೂ ನಿಂತಿತು. ಯಂತ್ರ ಮತ್ತೆ ಓಡತೊಡಗಿದ ಮೇಲೆ ಗೇಟನ್ನು ಸದ್ದಾಗದಂತೆ ಎತ್ತಿ ಹಿಡಿದು ತೆರೆದಳು. ಪರದೆ ಅಲ್ಲಾಡಲಿಲ್ಲ.

ರೈಲು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು, ಉಸಿರು ತಹಬಂದಿಗೆ ಬಂದ ಮೇಲೆ, ಆಕೆ ಫೋನು ಎತ್ತಿದಳು.

“ಎಷ್ಟು ಸಲ ಮಾಡೋದು ಅಮ್ಮಾ! ತಂತಿಗಳನ್ನೆಲ್ಲ ನೋಡಿದ್ಯಾ? ನೀನು ಕಲಿಸಿದ ಹಾಗೇ ಹಾಕ್ತಾಳೆ ಅವಳು, ಒಂದೇ ಕ್ಲಿಪ್ಪಿಗೆ ಎರಡು. ಎಲ್ಲಿದ್ರೂ ಗುರುತು ಸಿಗತ್ತೆ.”

“ಒಂದೂ ಬಿಡದೆ ನೋಡಿದೆ ಮಗನೇ. ನಿನ್ನ ಹೆಂಡತಿ ಈ ಊರಲ್ಲೂ ಇಲ್ಲ.”