ಮೊದಲ ಲೋಬಾನ

ಲೋಬಾನದ ಹೊಗೆ ಮೂಗಿಗೆ ಬಡಿದರೆ ಇಂದಿಗೂ ನನಗೆ ಆ ಮಧ್ಯಾಹ್ನದ ಹಸಿವು ನೆನಪಾಗುತ್ತದೆ.

ರಾಮದುರ್ಗದ ಕಡೆಯ ನಮ್ಮೂರ ಕೋಟೆಯೊಳಗಿನ ಗುಡಿಯಲ್ಲಿ ಶ್ರಾವಣದ ಕೊನೆಯ ಸೋಮವಾರದ ಪೂಜೆ ಅರ್ಧಕ್ಕೆ ನಿಂತಿತ್ತು. ಪೂಜೆ ಮುಗಿಯದೆ ಯಾರೂ ಉಣ್ಣುವಂತಿರಲಿಲ್ಲ. ಸಂಸ್ಥಾನದ ಕಾಲದಿಂದಲೂ ದೇವರಿಗೆ ಮೊದಲ ಲೋಬಾನ ಹಾಕುವವರು ಪಿಂಜಾರರ ಮನೆಯವರು. ಆ ಮನೆಯ ಇಮಾಮಜ್ಜ ಇನ್ನೂ ಬಂದಿರಲಿಲ್ಲ. ಕೋಟೆಯನ್ನಾಳಿದ ಮನೆತನದ ಹಿರಿಯರಾದ ಬಾಯಿಸಾಹೇಬರು ತೇಪೆ ಹಾಕಿದ ಇಳಕಲ್ ಸೀರೆಯುಟ್ಟು ಕಲ್ಲಿನ ಕಟ್ಟೆಯ ಮೇಲೆ ಕುಳಿತಿದ್ದರು. ಮಂತ್ರಿ ಬಂದಾಗಲೂ ಅವರು ಕೂತಲ್ಲಿಂದ ಎದ್ದಿರಲಿಲ್ಲವೆಂದು ಅಜ್ಜಿ ಹೇಳುತ್ತಿದ್ದಳು.

ತಡೆಯಲಾರದೆ ನಾನು ಅವರನ್ನೇ ಕೇಳಿದೆ: “ಅಂಗಡಿಯಿಂದ ಊದಿನಕಡ್ಡಿ ತರ್ಲೇನ್ರಿ?”

ಅಜ್ಜಿ ನನ್ನ ತೋಳು ಚಿವುಟಿದಳು. ಬಾಯಿಸಾಹೇಬರು ನಕ್ಕರು.

“ಹಸಿವಾಗೇತೇನವಾ? ನನಗೂ ಆಗೇತಿ. ಆದ್ರ ನಮ್ಮ ಹಿರಿಯಾರು ಅವರ ಮನಿಗೆ ಕೊಟ್ಟ ಮಾನ ಐತಿ ಅದು. ನಾವು ಹೊಳ್ಳಿ ತಗೊಳ್ಳಾಕ ಬರೂದಿಲ್ಲ.”

ಬಿಸಿಲು ಇಳಿಯುವ ಹೊತ್ತಿಗೆ ಇಮಾಮಜ್ಜ ಕೋಲೂರಿಕೊಂಡು, ಜ್ವರದಲ್ಲಿ ನಡುಗುತ್ತ ಬಂದ. ಲೋಬಾನದ ಗಂಟು ಎದೆಗವಚಿಕೊಂಡಿದ್ದ.

“ತಡಾ ಆತ್ರಿ ಬಾಯಿಸಾಬ, ಮಾಫ್ ಮಾಡ್ರಿ.”

ಬಾಯಿಸಾಹೇಬರು ಕಟ್ಟೆಗೆ ಕೈಯೂರಿ, ತಲೆಯ ಮೇಲೆ ಸೆರಗೆಳೆದುಕೊಂಡು, ಎದ್ದು ನಿಂತರು.