ಹೂಂಗುಟ್ಟುವವನು

"ಇದನ್ನ ಮುಚ್ಚಿಬಿಡೋಣ," ಎಂದು ಮೇಲಧಿಕಾರಿ ಬರ್ನಿಸ್ ಕ್ರೋವೆಲ್ ಪರದೆಯ ಬಲತುದಿಯನ್ನು ಪೆನ್ನಿನಿಂದ ತಟ್ಟಿದಳು.

ಹ್ಯಾಲಿಫ್ಯಾಕ್ಸ್‌ನ ಆ ರೇಡಿಯೊ ಕೇಂದ್ರದ ಜಾಲತಾಣಕ್ಕೆ ಬಂದವರ ಲೆಕ್ಕ ಗೋಡೆಯ ಪರದೆಯ ಮೇಲೆ ಕಂಬ ಕಂಬವಾಗಿ ನಿಂತಿತ್ತು. ಹಾಕಿಯ ಕಂಬ ನೆತ್ತಿ ಮುಟ್ಟಿತ್ತು. ಹವಾಮಾನ ಅದರ ಹೆಗಲಿಗೆ ಬಂದಿತ್ತು. ಅಡುಗೆಗೂ ಮರಣವಾರ್ತೆಗೂ ಎಂದಿನಂತೆ ಜನ. 'ಕಡಲಜ್ಜಿಯ ಕಥೆಗಳು' ವಿಭಾಗಕ್ಕೆ ಮಾತ್ರ ಕಂಬವಿರಲಿಲ್ಲ, ನೆಲಕ್ಕಂಟಿದ ಕೂದಲೆಳೆ.

ಯಾವ ವಿಭಾಗಕ್ಕೆ ಎಷ್ಟು ಜನ ಬಂದರು, ಎಷ್ಟು ಹೊತ್ತು ನಿಂತರು ಎಂದು ಹೋಲಿಸಿ ಹೇಳುವುದು ಡೆಲಿಮಾ ಸುರೆಟ್‌ಳ ಕೆಲಸ. ಕಡಲಜ್ಜಿಯ ದನಿ ಅವಳ ತಾಯಿಯದು. ಹೋದ ಚಳಿಗಾಲದಲ್ಲಿ ತಾಯಿಯನ್ನು ಮಣ್ಣು ಮಾಡಿದ ಮೇಲೆ ಲೋಕದಲ್ಲಿ ಆ ದನಿ ಉಳಿದಿದ್ದುದು ಆ ಕೂದಲೆಳೆಯಲ್ಲಿ.

"ಸೊನ್ನೆ ಅಲ್ಲ, ಬರ್ನಿಸ್. ಒಬ್ಬ ಇದ್ದಾನೆ. ಬೆಳಗ್ಗೆ ಬಂದ್ರೆ ಸಂಜೆ ತನಕ ಕೇಳ್ತಾನೆ."

"ನೀನೇ ಅಲ್ಲ ತಾನೇ?"

"ಕಚೇರಿಯವರನ್ನ ಲೆಕ್ಕದಿಂದ ಜರಡಿ ಹಿಡಿದು ತೆಗೆದಿದ್ದೀನಿ. ನಾನು ನಿಮ್ಮೆದುರೇ ಕೂತಿದ್ದೀನಲ್ಲ. ನೋಡಿ, ಅವನು ಈಗಲೂ ಇದ್ದಾನೆ."

ಪರದೆಯ ಮೂಲೆಯಲ್ಲಿ ಹಸಿರು ಚುಕ್ಕಿ ಮಿಣುಕುತ್ತಿತ್ತು.

ಬರ್ನಿಸ್ ಕನ್ನಡಕ ಏರಿಸಿ ಬಗ್ಗಿದಳು. "ಇದೆಂಥಾ ಆಸಾಮಿ? ಪುಟ ಜರುಗಿಸಲ್ಲ. ಒಂದು ಕಡೆನೂ ಒತ್ತಲ್ಲ. ಶನಿವಾರ, ಭಾನುವಾರ ಪತ್ತೆಯೇ ಇಲ್ಲ. ಮನುಷ್ಯ ಹೀಗಿರ್ತಾನೇನೆ? ಯಾವುದೋ ಯಂತ್ರ ಬಂದು ಮೂಸ್ತಾ ಇದೆ, ಅಷ್ಟೆ."

"ಯಂತ್ರ ಅಲ್ಲ. ಅಮ್ಮನ ಆಣೆ."

"ಹೋದ ಮಂಗಳವಾರ ಯಾಕೆ ಬಂದಿಲ್ಲ ಹಾಗಾದ್ರೆ?"

"ಅವತ್ತು ನಾನೂ ಬಂದಿರ್ಲಿಲ್ಲ. ಜ್ವರ. ಅರ್ಧ ಊರೇ ಮಲಗಿತ್ತು."

ಬರ್ನಿಸ್ ಕುರ್ಚಿಗೆ ಒರಗಿದಳು. ಕೆಟ್ಟವಳಲ್ಲ. ಕಡಲಜ್ಜಿಯ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವಳೂ ಒಬ್ಬಳು. "ನೋಡು ಚಿನ್ನ, ಮಮತೆ ಬೇರೆ, ಲೆಕ್ಕ ಬೇರೆ. ಎಲ್ಲ ಕಥೆಗಳದೂ ಒಂದು ನಕಲು ಮಾಡಿ ಕೊಡಿಸ್ತೀನಿ. ಮನೇಲಿ ಪೆಟ್ಟಿಗೆಲಿ ಭದ್ರವಾಗಿ ಇಟ್ಕೊ."

"ಪೆಟ್ಟಿಗೆಲಿ ಒಂದ್ಸಲ ಇಟ್ಟು ಬಂದಾಯ್ತು, ಬರ್ನಿಸ್."

ಕಿಟಕಿಯಾಚೆ ಬಂದರಿನ ಮಂಜು ಹಡಗಿನ ಕೂಗನ್ನೂ ನುಂಗಿ ಕೂತಿತ್ತು. ಡೆಲಿಮಾ ಊಟದ ಡಬ್ಬಿ ತೆರೆದು ಮಾಂಸದ ರೊಟ್ಟಿಯನ್ನು ಎರಡು ಮಾಡಿದಳು. ಒಂದು ಭಾಗ ತಿಂದಳು. ಇನ್ನೊಂದನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು.

"ಅಮ್ಮ ಹೇಳೋಳು," ಎಂದಳು ಮೆಲ್ಲಗೆ. "ಕಥೆ ಸಾಯೋದು ಹೇಳೋರು ಹೋದಾಗ ಅಲ್ಲ, ಹೂಂಗುಟ್ಟೋರು ಇಲ್ಲದಾಗ. ಅದಕ್ಕೇ ಪ್ರತಿ ಕಥೆ ನಡುವೆ ನಿಲ್ಲಿಸಿ, 'ಇದ್ದೀಯಾ?' ಅಂತ ಕೇಳೋಳು. ಮೈಕ್ ಎದುರಿಗೂ ಹಾಗೇ."

"ಅದು ನಂಗೂ ನೆನಪಿದೆ. 'ಪ್ರಸಾರದಲ್ಲಿ ಅಷ್ಟು ಹೊತ್ತು ಮೌನ ಬಿಡಬೇಡಿ ಅಜ್ಜಿ' ಅಂತ ಎಷ್ಟು ಸಲ ಬೈದಿಲ್ಲ ನಾನು! 'ಅವರು ಹೂಂ ಅನ್ನೋಕೆ ಜಾಗ ಬೇಡ್ವೇನೆ?' ಅಂತ ನನಗೇ ತಿರುಗಿ ಬೈಯೋರು." ಬರ್ನಿಸ್ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಒಬ್ಬ ಅಂತೀಯಲ್ಲ, ಗಂಡಸು ಅಂತ ಹೇಗೆ ಗೊತ್ತು?"

ಡೆಲಿಮಾ ತಡವರಿಸಿದಳು. "ಊಹೆ. ವಯಸ್ಸಾಗಿದೆ ಅನ್ಸುತ್ತೆ. ಹೊರಗೆ ಅಷ್ಟಾಗಿ ಹೋಗಲ್ಲ. ಹಗಲೆಲ್ಲ ಮನೇಲಿ ಒಬ್ಬನೇ."

"ಪಾಪ."

"ಹೂಂ."

ಬರ್ನಿಸ್ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡಳು. "ಹಾಳಾಗ್ಹೋಗಲಿ. ಇರಲಿ ಬಿಡು. ಮೇಲಿನವರು ಕೇಳಿದ್ರೆ ನಾನೇ ಏನಾದ್ರೂ ಹೇಳ್ತೀನಿ. ಆದ್ರೆ ಆ ಮುದುಕ ಬರೋದು ನಿಲ್ಲಿಸಿದ ದಿನ ಮುಚ್ಚಿಬಿಡ್ತೀನಿ. ಒಪ್ಪಿಗೆನಾ?"

ಡೆಲಿಮಾ ತಲೆಯಾಡಿಸಿದಳು. ಆ ದಿನ ದೂರವಿಲ್ಲವೆಂದು ಅವಳಿಗೆ ಗೊತ್ತಿತ್ತು. ಈಚೆಗೆ ಅವನ ಹಿಂಗಾಲುಗಳಲ್ಲಿ ಬಲವಿರಲಿಲ್ಲ ಎಂಬುದನ್ನು ಮಾತ್ರ ಬಾಯಿಗೆ ಬಂದರೂ ನುಂಗಿಕೊಂಡಳು.

ಕೆಲಸ ಮುಗಿದದ್ದೇ ಯಾರೊಡನೆಯೂ ನಿಲ್ಲದೆ ಹೊರಟಳು. ಮಂಜಿನಲ್ಲಿ ಏರುದಾರಿ ಹತ್ತಿ ಮನೆ ಬಾಗಿಲಿಗೆ ಬಂದು, ಬೀಗಕ್ಕೆ ಕೀಲಿ ಹಾಕಿದವಳು ತಿರುಗಿಸದೆ ನಿಂತಳು. ಒಳಗೆ ಬೆಳಗ್ಗೆ ತೆರೆದಿಟ್ಟು ಹೋದ ಕಂಪ್ಯೂಟರಿನಿಂದ ತಾಯಿ ಕಥೆ ಹೇಳುತ್ತಿದ್ದಳು. ಸೀಲ್ ಪ್ರಾಣಿಯ ಚರ್ಮ ತೊಟ್ಟು ಕಡಲಿಗೆ ಮರಳಿದ ಹೆಂಗಸೊಬ್ಬಳು, ದಡದಲ್ಲಿ ಕಾಯುವವರಿಗೆ ದನಿಯೊಂದನ್ನೇ ಬಿಟ್ಟುಹೋದ ಕಥೆ. ನಡುವೆ ಎಂದಿನಂತೆ ನಿಲ್ಲಿಸಿ ಕೇಳಿದಳು:

"ಇದ್ದೀಯಾ?"

ಮೇಜಿನ ಕೆಳಗಿಂದ, ಯಜಮಾನಿಗಾಗಿ ಇನ್ನೂ ಕಾಯುತ್ತಿದ್ದ ತಾಯಿಯ ಮುದಿ ನಾಯಿಯ ಬಾಲ ಹಲಗೆಯ ನೆಲಕ್ಕೆ ಒಮ್ಮೆ ಬಡಿಯಿತು.